ಕೆಲ್ಲಿ ಎಲ್ಲಿ?

ಐರ್ಲೆಂಡಿನ ಮುತ್ತಜ್ಜನನ್ನು ಹಳೇ ದಾಖಲೆಗಳಲ್ಲಿ ಹುಡುಕಲು ಕೂತ ಅಮೆರಿಕದ ಮರಿಮಗ ಮೊದಲ ದಿನವೇ ಷರತ್ತು ಹಾಕುತ್ತಾನೆ: ‘ನಮ್ಮದು ವೈ ಹಿಂದೆ ಇ ಇರುವ ಕೆಲ್ಲಿ. ಇ ಇಲ್ಲದ ಕೆಲ್ಲಿಗಳು ನಮ್ಮವರಲ್ಲ.’ ಪಾಪ, ಎಷ್ಟೋ ಮುತ್ತಜ್ಜಂದಿರಿಗೆ ಇ ಯಾವುದು, ವೈ ಯಾವುದು ಎಂದೇ ಗೊತ್ತಿರಲಿಲ್ಲ. ಅಜ್ಜ ಹೆಸರು ಹೇಳಿದ, ಪಾದ್ರಿ ಕಿವಿಗೆ ಬಿದ್ದಂತೆ ಬರೆದುಕೊಂಡ. ಮುಂದಿನ ಮಗುವಿನ ಜ್ಞಾನಸ್ನಾನಕ್ಕೆ ಬೇರೆ ಪಾದ್ರಿ, ಬೇರೆ ಕಿವಿ. ಸರ್ಕಾರಿ ಮದುವೆ ರಿಜಿಸ್ಟರಿನಲ್ಲಿ ರುಜು ಹಾಕುವ ಜಾಗದಲ್ಲಿ ಅಜ್ಜ ಒಂದು ಕತ್ತರಿ ಗುರುತು ಎಳೆದ. ಸ್ಪೆಲಿಂಗ್ ತಪ್ಪಿಲ್ಲದ ಬರಹ ಅದೊಂದೇ.

ಇಲ್ಲಿ ಕನ್ನಡ ಬಲ್ಲವರಿಗೊಂದು ಅನುಕೂಲವಿದೆ. ಹೆಸರನ್ನು ನಮ್ಮ ಲಿಪಿಯಲ್ಲಿ ಬರೆದು ನೋಡಿ. ಕೆ ಅಕ್ಷರದ ಕ್ಯಾವನಾ, ಸಿ ಅಕ್ಷರದ ಕ್ಯಾವನಾ, ಕೊನೆಗೆ ಜಿ-ಎಚ್ ಎಂಬ ದನಿಯಿಲ್ಲದ ಬಾಲ ಕಟ್ಟಿಕೊಂಡ ಕ್ಯಾವನಾ, ಎಲ್ಲವೂ ಒಂದೇ. ಇಂಗ್ಲಿಷಿನಲ್ಲಿ ಮೂರು ನಾಲ್ಕು ವೇಷ ಹಾಕುವ ರೈಲಿ ಕನ್ನಡದಲ್ಲಿ ತೆಪ್ಪಗೆ ಒಬ್ಬನೇ ರೈಲಿ. ದಾಖಲೆ ಬರೆದವನು ಕಿವಿಯಿಂದ ಬರೆದ. ಹುಡುಕುವವನು ಕಣ್ಣಿಂದ ಹುಡುಕುತ್ತಾನೆ. ಎಡವಟ್ಟಾಗುವುದು ಇಲ್ಲೇ.

ಯಂತ್ರಕ್ಕೂ ಕಿವಿ ಕೊಡುವ ಪ್ರಯತ್ನ ನಡೆದಿದೆ. 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ಪದ್ಧತಿ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಉಳಿದ ವ್ಯಂಜನಗಳನ್ನು ದನಿಗೆ ತಕ್ಕಂತೆ ಮೂರು ಅಂಕಿಗಿಳಿಸುತ್ತದೆ. ಆದರೆ ಮೊದಲ ಅಕ್ಷರವನ್ನು ಅದು ಬಿಲ್‌ಕುಲ್ ಬಿಡುವುದಿಲ್ಲ. ಹಾಗಾಗಿ ಬ್ರಯನ್ ಬಿ 650 ಆದರೆ ಓಬ್ರಯನ್ ಒ 165. ಅಣ್ಣತಮ್ಮಂದಿರು ಬೇರೆ ಬೇರೆ ಕಪಾಟು. ಜಿ-ಎಚ್ ಬಾಲವಿರುವ ಸಿ ಕ್ಯಾವನಾ, ಕೆ ಕ್ಯಾವನಾ ಇಬ್ಬರ ಅಂಕಿ 152 ಎಂದು ಹೊಂದಿದರೂ ಅಕ್ಷರ ಹೊಂದದೆ ಸಂಬಂಧ ಮುರಿಯುತ್ತದೆ.

ಆ ‘ಓ’ ದೊಡ್ಡ ತಲೆನೋವು. ಐರಿಶ್ ಭಾಷೆಯಲ್ಲಿ ಓ ಎಂದರೆ ಮೊಮ್ಮಗ, ಮ್ಯಾಕ್ ಎಂದರೆ ಮಗ. ಇಂಗ್ಲಿಷರ ಆಳ್ವಿಕೆ ಬಿಗಿಯಾದಂತೆ ಬಹಳಷ್ಟು ಮನೆತನಗಳು ಇವನ್ನು ಕಳಚಿಟ್ಟವು. 1893ರಲ್ಲಿ ಐರಿಶ್ ಭಾಷೆ ಉಳಿಸುವ ಗೇಲಿಕ್ ಲೀಗ್ ಎಂಬ ಸಂಘ ಹುಟ್ಟಿ ಭಾಷಾಭಿಮಾನ ಏರಿದ ಮೇಲೆ ಕೆಲವರು ಟ್ರಂಕಿನಿಂದ ಹಳೇ ಪಂಚೆ ತೆಗೆದಂತೆ ಮತ್ತೆ ತೊಟ್ಟುಕೊಂಡರು. 1850ರ ದಶಕದ ಗ್ರಿಫಿತ್ ಭೂಮೌಲ್ಯಮಾಪನದಲ್ಲಿ ಸುಲ್ಲಿವನ್ ಆಗಿದ್ದವರು 1911ರ ಜನಗಣತಿಯಲ್ಲಿ ಓಸುಲ್ಲಿವನ್ ಆಗಿರಬಹುದು. ಎರಡನ್ನೂ ಹುಡುಕಲೇಬೇಕು.

ಹೆಸರನ್ನು ಅನುವಾದ ಮಾಡಿದವರದು ಇನ್ನೂ ಮಜಾ. ಮ್ಯಾಕ್ ಗವನ್ ಎಂದರೆ ಕಮ್ಮಾರನ ಮಗ. ದನಿ ಹಿಡಿದವರು ಮೆಗವನ್ ಆದರು, ಅರ್ಥ ಹಿಡಿದವರು ಸ್ಮಿತ್ ಆದರು. ಮೆಕಟೀರ್ ಎಂದರೆ ಕುಶಲಕರ್ಮಿಯ ಮಗ. ಆ ಐರಿಶ್ ಪದಕ್ಕೆ ‘ಸ್ವತಂತ್ರ’ ಎಂಬರ್ಥವೂ ಇದ್ದುದರಿಂದ ಕೆಲವರು ಕಾರ್ಪೆಂಟರ್, ಕೆಲವರು ಫ್ರೀಮನ್. ಮ್ಯಾಕ್ ಕೊನ್ರೀ ಮನೆತನದ ಹೆಸರಿನ ಬಾಲ ‘ರೀ’, ಅಂದರೆ ರಾಜ, ಎಂದು ಕೇಳಿಸಿತೆಂದು ಅವರು ಕಿಂಗ್ ಆಗಿಬಿಟ್ಟರು. ಕಿವಿ ಮೋಸ ಹೋದದ್ದಕ್ಕೆ ಪಟ್ಟಾಭಿಷೇಕ!

ಮೊದಲ ಹೆಸರಾದರೂ ಸ್ಥಿರವೇ? ಕ್ಯಾಥೊಲಿಕ್ ಚರ್ಚಿನ ಎಷ್ಟೋ ರಿಜಿಸ್ಟರುಗಳು ಲ್ಯಾಟಿನ್‌ನಲ್ಲಿವೆ: ಜೇಮ್ಸ್ ಅಲ್ಲಿ ಜಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಮನೆಯಲ್ಲಿ ಡೀರ್ಮಿಡ್ ಆದವನು ಕಾಗದದಲ್ಲಿ ಜೆರಮೈಯ. ಬ್ರಿಜೆಟ್ ಹಡಗು ಹತ್ತಿ ಅಮೆರಿಕದಲ್ಲಿ ಇಳಿಯುವಷ್ಟರಲ್ಲಿ ಡೀಲಿಯಾ.

ವಯಸ್ಸನ್ನಂತೂ ನಂಬಬೇಡಿ. 1908ರ ಕಾಯ್ದೆಯಂತೆ 70 ತುಂಬಿದವರಿಗೆ ವಾರಕ್ಕೆ 5 ಷಿಲಿಂಗ್‌ವರೆಗೆ ಪಿಂಚಣಿ ಬಂತು. ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಸರ್ಟಿಫಿಕೇಟ್ ಯಾರ ಬಳಿಯೂ ಇಲ್ಲ. 1901ರ ಗಣತಿಯಲ್ಲಿ 55 ಇದ್ದ ಅಜ್ಜಿ 1911ರಲ್ಲಿ 70 ತುಂಬಿ ಕೂತಿದ್ದರೆ ಅದು ಬೇರೆ ಅಜ್ಜಿ ಅಂದುಕೊಳ್ಳಬಾರದು. ಹುಡುಕುವಾಗ ಹಿಂದೆ ಮುಂದೆ ಹತ್ತು ವರ್ಷ ಸಡಿಲ ಬಿಡಿ.

ಹಳೇ ಗಣತಿಗಳನ್ನೇ ನೋಡೋಣವೆಂದರೆ, 1821ರಿಂದ 1851ರವರೆಗಿನವು ಬಹುಪಾಲು 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿ ಸುಟ್ಟುಹೋದವು. 1861, 1871ರವನ್ನು ಸರ್ಕಾರವೇ ನಾಶ ಮಾಡಿತ್ತು. 1881, 1891ರವು ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು.

ಹಾಗಾದರೆ ದಾರಿ? ಮೊದಲು ಹೆಸರಲ್ಲ, ಊರು ಹಿಡಿಯಿರಿ. ಐರ್ಲೆಂಡಿನಲ್ಲಿ 60,000ಕ್ಕೂ ಹೆಚ್ಚು ಟೌನ್‌ಲ್ಯಾಂಡುಗಳಿವೆ, ಹೆಚ್ಚುಕಡಿಮೆ ನಮ್ಮ ಮಜರೆಗಳ ಹಾಗೆ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ 1901, 1911ರ ಗಣತಿ ಪುಕ್ಕಟೆ ಸಿಗುತ್ತದೆ. ಕೌಂಟಿ, ಅದರ ಕೆಳಗೆ ಚುನಾವಣಾ ವಿಭಾಗ, ಅದರ ಕೆಳಗೆ ಟೌನ್‌ಲ್ಯಾಂಡ್ ಎಂದು ಇಳಿದು ಮನೆಮನೆ ಓದಿ. ಸರ್‌ನೇಮ್ ಟೈಪಿಸುವ ಪ್ರಮೇಯವೇ ಇಲ್ಲ. ಟೈಪಿಸಲೇಬೇಕಾದರೆ ಅನುಮಾನದ ಸ್ವರಗಳ ಜಾಗಕ್ಕೆ ನಕ್ಷತ್ರಚಿಹ್ನೆ ಹಾಕಿ. ತಾಯಿಯ ತವರಿನ ಹೆಸರು ಸಿಕ್ಕರೆ ಬಿಡಬೇಡಿ. ಎರಡು ಮನೆತನ ಒಟ್ಟಿಗೆ ಕೂಡಿಬರುವ ಊರು ತೀರ ಕಡಿಮೆ. ಮಗುವಿನ ಜ್ಞಾನಸ್ನಾನಕ್ಕೆ ಹೊಣೆ ನಿಂತವರ ಹೆಸರೂ ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ಅತ್ತೆ, ಮಾವ, ಚಿಕ್ಕಪ್ಪ ಯಾರೋ ಆಗಿರುತ್ತಾರೆ. ಸೂಚಿಯಲ್ಲಿ ಕಂಡದ್ದನ್ನು ನಂಬದೆ ಮೂಲ ಪುಟದ ಚಿತ್ರ ತೆರೆಯಿರಿ. ಹಳೇ ಕೈಬರಹದ ಉದ್ದ ಎಸ್ ನೋಡಲು ಎಫ್‌ನಂತೆಯೇ ಇರುವುದರಿಂದ ರಾಸ್ ಮನೆತನದವರು ಸೂಚಿಯಲ್ಲಿ ರಾಫ್ಸ್ ಆಗಿ ಅಡಗಿರುತ್ತಾರೆ. ಕಂಡದ್ದನ್ನು ಕಂಡಂತೆಯೇ ನಕಲು ಮಾಡಿ, ತಿದ್ದಬೇಡಿ. ತಿದ್ದಿದರೆ ಅದೇ ಪುಟ ಮತ್ತೊಮ್ಮೆ ಸಿಗುವುದಿಲ್ಲ.

ಇಷ್ಟಾದರೂ ಸಿಗದಿದ್ದಾಗ ಎಲ್ಲರೂ ದೂರುವುದು ನ್ಯೂಯಾರ್ಕಿನಲ್ಲಿ ವಲಸಿಗರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ ಎಲ್ಲಿಸ್ ದ್ವೀಪದ ಗುಮಾಸ್ತನನ್ನು: ‘ಅವನೇ ನಮ್ಮ ಹೆಸರು ಕೆಡಿಸಿದ್ದು.’ ಆ ಗುಮಾಸ್ತ ನಿರಪರಾಧಿ. ಪಟ್ಟಿ ತಯಾರಾಗುತ್ತಿದ್ದುದು ಹಡಗು ಹೊರಡುವ ಬಂದರಿನಲ್ಲಿ. ಅವನು ಅದನ್ನು ತಾಳೆ ನೋಡುತ್ತಿದ್ದ ಅಷ್ಟೇ. 1892ರ ಜನವರಿ 1ರಂದು ಆ ಬಾಗಿಲಲ್ಲಿ ಮೊದಲು ಕಾಲಿಟ್ಟವಳು ಕೌಂಟಿ ಕಾರ್ಕ್‌ನ ಆ್ಯನಿ ಮೂರ್. ಸ್ವಾಗತಕ್ಕೆ 10 ಡಾಲರಿನ ಚಿನ್ನದ ನಾಣ್ಯವನ್ನೂ ಕೊಟ್ಟರು. ಮುಂದೆ ದಶಕಗಳ ಕಾಲ ಟೆಕ್ಸಾಸಿನ ಒಬ್ಬ ಆ್ಯನಿ ಮೂರ್‌ಳನ್ನೇ ಇವಳೆಂದು ತಿಳಿದು, ಅವಳ ವಂಶಸ್ಥರನ್ನು ಸಮಾರಂಭಗಳಿಗೆ ಕರೆದು ಗೌರವಿಸಲಾಯಿತು. ಅವಳು ಹುಟ್ಟಿದ್ದೇ ಇಲಿನಾಯ್‌ನಲ್ಲಿ ಎಂದು ಆಮೇಲೆ ತಿಳಿಯಿತು. ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ ಎಂಬುದು 2006ರಲ್ಲಿ, ಜೊತೆಗೆ ಬಂದಿದ್ದ ತಮ್ಮ ಫಿಲಿಪ್‌ನ ಪೌರತ್ವದ ಕಾಗದದ ಜಾಡು ಹಿಡಿದಾಗ ಪತ್ತೆಯಾಯಿತು. ಅಷ್ಟೂ ವರ್ಷ ಇಬ್ಬರ ಹೆಸರಿನ ಸ್ಪೆಲಿಂಗೂ ಸರಿಯಾಗಿಯೇ ಇತ್ತು.