ಸಂತೆಯಲ್ಲಿ ಬರುವ ನಿದ್ದೆ ಮೋಆಬ್‌ನಲ್ಲಿ ಬರಲಿಲ್ಲ

“ನಿನ್ನ ಪ್ಯಾಡಿನ ಆರ್ ವ್ಯಾಲ್ಯೂ ಎಷ್ಟು?”

ಬೆಳಗ್ಗೆ ಆರೂವರೆ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಪಕ್ಕದ ಟೆಂಟಿನ ಅಜ್ಜ ನನ್ನ ಜೊತೆ ಆಡಿದ ಮೊದಲ ಮಾತೇ ಇದು. ಪ್ಯಾಡ್ ಅಂದರೆ ಟೆಂಟಿನಲ್ಲಿ ಮೈ ಕೆಳಗೆ ಹಾಸುವ ಹಾಸಿಗೆ, ಅದು ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ನಂಬರೇ ಆರ್ ವ್ಯಾಲ್ಯೂ ಅನ್ನುವುದು ನನಗೆ ಆಮೇಲೆ ತಿಳಿಯಿತು. ಆಗ ಗೊತ್ತಿಲ್ಲ ಅಂದೆ. ತನ್ನ ರಕ್ತದ ಗುಂಪು ಗೊತ್ತಿಲ್ಲದವನನ್ನು ಡಾಕ್ಟರು ನೋಡುತ್ತಾರಲ್ಲ, ಹಾಗೆ ನೋಡಿದರು. ಆಮೇಲೆ ಒಂದು ಮಗ್ ಕಾಫಿ ಕೊಟ್ಟರು. ಕಾಫಿ ಕೆಟ್ಟದಾಗಿತ್ತು. ಎರಡು ಮಗ್ ಕುಡಿದೆ.

ಜಾಗ ಯೂಟಾ ರಾಜ್ಯದ ಮೋಆಬ್ ಊರಿನ ಮೇಲಿರುವ ಸ್ಯಾಂಡ್ ಫ್ಲಾಟ್ಸ್. ಎಲ್ಲಿ ನೋಡಿದರೂ ಕೆಂಪು ಬಂಡೆ, ನಡುನಡುವೆ ಮರಳು. ಅಕ್ಟೋಬರ್ ಕೊನೆ. ನಾನಿರುವ ಡೆನ್ವರ್‌ನಿಂದ ಸುಮಾರು 570 ಕಿಲೋಮೀಟರ್. ನನ್ನದು ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕು. ಇಲ್ಲಿ ಅದು 2018ರಲ್ಲಿ ಮಾರಾಟಕ್ಕೆ ಬಂತು, ನಮ್ಮ ಕಡೆಯ ಬೈಕು ಅನ್ನುವ ಒಂದೇ ಮೋಹಕ್ಕೆ ತಗೊಂಡೆ. ಇರುವುದು 24 ಕುದುರೆ ಶಕ್ತಿ. ಮೂರು ಸಾವಿರದ ನಾನೂರು ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದ ಏರಿನಲ್ಲಿ ಲಾರಿಗಳೂ ನನ್ನನ್ನು ಹಿಂದೆ ಹಾಕಿದವು. ಆದರೆ ಬೈಕಿಗೆ ಬೇಕಾದ್ದರಲ್ಲಿ ನಾನು ಏನೂ ಬಿಟ್ಟಿರಲಿಲ್ಲ. ಚೈನಿಗೆ ಎಣ್ಣೆ, ಎಕ್ಸ್‌ಟ್ರಾ ಕ್ಲಚ್ ಕೇಬಲ್, ಟ್ಯೂಬು, ಪಂಚರ್ ಕಿಟ್, ಎಲ್ಲಾ ಇತ್ತು. ಹಾಸಿಗೆಗೆ ಮಾತ್ರ ಸೂಪರ್ ಮಾರ್ಕೆಟ್‌ನಿಂದ ಇಪ್ಪತ್ತು ಡಾಲರ್ ಕೊಟ್ಟು ಒಂದು ನೀಲಿ ಗಾಳಿ ಹಾಸಿಗೆ ತಂದಿದ್ದೆ. ಎಲ್ಲಿ ಬೇಕಾದರೂ ಮಲಗುವವನು ನಾನು, ಅದಕ್ಕೆ ಯಾಕೆ ಜಾಸ್ತಿ ಖರ್ಚು ಅಂತ.

ರಾತ್ರಿ ಹನ್ನೊಂದರವರೆಗೆ ಸುಖವಾಗಿತ್ತು. ಎರಡು ಗಂಟೆಗೆ ಎಚ್ಚರ ಆದಾಗ ಹಾಸಿಗೆ ಮೆತ್ತಗಾಗಿ ಸೊಂಟ ನೆಲಕ್ಕೆ ತಾಗುತ್ತಿತ್ತು. ಪಂಚರ್ ಅಂದುಕೊಂಡೆ. ತಲೆಗೆ ಟಾರ್ಚ್ ಕಟ್ಟಿಕೊಂಡು, ಹಾಸಿಗೆಗೆ ಕಿವಿ ಇಟ್ಟು ಸುಯ್ ಅನ್ನುವ ಸದ್ದಿಗೆ ಹುಡುಕಿದೆ. ಸದ್ದು ಬಂದದ್ದು ಪಕ್ಕದ ಟೆಂಟಿನಿಂದ. ಅಜ್ಜನ ಗೊರಕೆ. ನನ್ನ ಹಾಸಿಗೆ ತೂತಾಗಿರಲಿಲ್ಲ. ರಾತ್ರಿ ತಣ್ಣಗಾಗುತ್ತಾ ಒಳಗಿನ ಗಾಳಿ ಕುಗ್ಗುತ್ತದೆ, ಮಲಗುವ ಮೊದಲು ಇನ್ನೆರಡು ಸಲ ಊದಬೇಕಿತ್ತು ಅಷ್ಟೇ. ಇದನ್ನೂ ಅಜ್ಜನೇ ಹೇಳಿದ್ದು. ಬಾಯಲ್ಲಿ ಊದಬೇಡ, ಉಸಿರಿನ ತೇವ ಒಳಗೆ ಸೇರಿಕೊಳ್ಳುತ್ತದೆ, ಚೀಲದ ಪಂಪ್ ಇಟ್ಟುಕೋ ಅಂತಲೂ ಹೇಳಿದರು.

ಅವರಿಗೆ ಎಪ್ಪತ್ತೆರಡು ವರ್ಷ. ಟೆಕ್ಸಾಸ್‌ನಿಂದ ಒಬ್ಬರೇ ಬೈಕಿನಲ್ಲಿ ಬಂದಿದ್ದರು. ತಮ್ಮ ಟೆಂಟಿನ ಬಾಗಿಲು ತೆಗೆದು, ಹೊಸ ಮನೆ ತೋರಿಸುವವರ ಹಾಗೆ ಹಾಸಿಗೆ ತೋರಿಸಿದರು. ಮೊದಲು ಒಂದು ಗಿಡ್ಡ ಮಡಚುವ ಮಂಚ, ನೆಲದಿಂದ ಗೇಣಿಗಿಂತ ಕಮ್ಮಿ ಎತ್ತರ. ಅದರ ಮೇಲೆ ಅಕಾರ್ಡಿಯನ್ ಹಾಗೆ ಮಡಚುವ ಫೋಮ್ ಚಾಪೆ. ಅದರ ಮೇಲೆ ಗಾಳಿ ಪ್ಯಾಡ್. ಒಂದೊಂದಕ್ಕೂ ನಂಬರ್ ಹೇಳಿದರು. ಫೋಮಿಗೆ 2, ಪ್ಯಾಡಿಗೆ 4.5, ಕೂಡಿದರೆ ಆರೂವರೆ. ಮಂಚಕ್ಕೆ ಸೊನ್ನೆ.

ಆ ಸೊನ್ನೆ ನನಗೆ ಹೊಸ ವಿಷಯ. ಮಂಚದ ಮೇಲೆ ಮಲಗಿದರೆ ನೆಲದ ಥಂಡಿ ತಾಗಲ್ಲ ಅಂತಲ್ಲವಾ ನಾವು ತಿಳಿದಿರುವುದು? ಅಡಿಯಲ್ಲಿ ಗಾಳಿ ಓಡಾಡಿದರೆ ಬೆನ್ನಿನ ಬಿಸಿಯನ್ನು ಅದು ಕದ್ದುಕೊಂಡು ಹೋಗುತ್ತದೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇರಲಿ, ಮೈ ಕೆಳಗಿನ ಭಾಗ ಒತ್ತಿ ಚಪ್ಪಟೆಯಾದ ಮೇಲೆ ಅಲ್ಲಿ ಬೆಚ್ಚಗಿಡುವುದಕ್ಕೆ ಏನೂ ಉಳಿಯಲ್ಲ. ಬಂಡೆ, ಬೇರು, ಇಳಿಜಾರಿಗೆ ಮಂಚ ಬೇಕು. ಚಳಿಗೆ ಪ್ಯಾಡ್ ಬೇಕು. ಒಂದರ ಕೆಲಸ ಇನ್ನೊಂದು ಮಾಡಲ್ಲ.

ಆ ನಂಬರ್ ಕೂಡ ಯಾರೋ ಕಣ್ಣಂದಾಜಿನಲ್ಲಿ ಹಾಕಿದ್ದಲ್ಲ. ಕೆಳಗೊಂದು ತಣ್ಣನೆ ಹಲಗೆ, ಮೇಲೊಂದು ಮೈಯಷ್ಟು ಬೆಚ್ಚನೆ ಹಲಗೆ, ನಡುವೆ ಪ್ಯಾಡ್. ಮೇಲಿನ ಹಲಗೆಯ ಬಿಸಿ ಇಳಿಯದಂತೆ ನೋಡಿಕೊಳ್ಳುವುದಕ್ಕೆ ಎಷ್ಟು ಕರೆಂಟು ಬೇಕು ಅಂತ ಅಳೆಯುತ್ತಾರೆ. ಮೊದಲು ಒಂದೊಂದು ಕಂಪನಿ ತನಗೆ ತೋಚಿದ ಹಾಗೆ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಅನ್ನುವ, ಸ್ಟ್ಯಾಂಡರ್ಡ್‌ಗಳನ್ನು ಮಾಡುವ ಸಂಸ್ಥೆ ಎಲ್ಲರಿಗೂ ಒಂದೇ ಅಳತೆ ಗೊತ್ತು ಮಾಡಿತು. ಮಲಗುವುದಕ್ಕೂ ಒಂದು ಸ್ಟ್ಯಾಂಡರ್ಡ್! ನಗು ಬಂತು. ಇಡೀ ರಾತ್ರಿ ನಡುಗಿದವನಿಗೆ ನಗುವ ಹಕ್ಕು ಇರಲಿಲ್ಲ ಅನ್ನುವುದು ಬೇರೆ ಮಾತು.

ವಾಪಸ್ ಬಂದ ವಾರವೇ ಡೆನ್ವರ್‌ನಲ್ಲಿ ಕ್ಯಾಂಪಿಂಗ್ ಸಾಮಾನು ಮಾರುವ ಆರ್‌ಇಐ ಅಂಗಡಿಗೆ ಹೋದೆ. 1901ರಲ್ಲಿ ಟ್ರಾಮ್‌ಗಳಿಗೆ ಕರೆಂಟು ಕೊಡುವುದಕ್ಕೆ ಕಟ್ಟಿದ ಇಟ್ಟಿಗೆ ಕಟ್ಟಡ ಅದು. ಒಳಗೆ ಜನ ಶೂ ಬಿಚ್ಚಿ ಪ್ಯಾಡ್‌ಗಳ ಮೇಲೆ ಮಲಗಿದ್ದರು. ಒಬ್ಬಳು ಮಗ್ಗುಲಾಗಿ ಕಣ್ಣು ಮುಚ್ಚಿದ್ದಳು. ಯಾರೂ ಏಳಿ ಅನ್ನಲಿಲ್ಲ. ನಾನೂ ಮಲಗಿದೆ, ಮೊದಲು ಸ್ವಲ್ಪ ನಾಚಿಕೆಯಿಂದ. ಅಂಗಡಿಯ ಹುಡುಗ ಬಂದು, ಬೆನ್ನ ಮೇಲೆ ಮಲಗುತ್ತೀರೋ ಮಗ್ಗುಲಾಗಿಯೋ ಅಂತ ಕೇಳಿದ. ನಲವತ್ತಾರು ವರ್ಷದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ.

ನಮ್ಮದು ಚಳ್ಳಕೆರೆ ಕಡೆ. ಮದುವೆ ಮನೆಯಲ್ಲಿ ಹಾಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ಜಮಖಾನೆ ಹಾಸಿ, ಇಪ್ಪತ್ತು ಜನರನ್ನು ಸಾಲಾಗಿ ಮಲಗಿಸಿದರೆ ಮುಗಿಯಿತು. ದಿಂಬು ಮೊದಲು ಬಂದವರಿಗೆ. ಸರಿ ಹೋಗಲಿಲ್ಲ ಅಂದರೆ “ಒಂದು ರಾತ್ರಿ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ.” ಸೊಂಟ ನೋವು, ಗೋಡೆ ಬದಿ ಬೇಕು ಅಂತ ಯಾರಾದರೂ ಬಾಯಿಬಿಟ್ಟರೆ ಮುಂದಿನ ಮದುವೆಯವರೆಗೂ ಅವರದೇ ಮಾತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಹೇಳಿ ಹೇಳಿ, ನಿದ್ದೆ ಬರದವನದ್ದೇ ಏನೋ ತಪ್ಪು ಅನ್ನುವ ಹಾಗೆ ಮಾಡಿಟ್ಟಿದ್ದೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಅದೇ ಪ್ಯಾಡು ರೆಗ್ಯುಲರ್, ಲಾಂಗ್ ಅಂತ ಎರಡು ಉದ್ದದಲ್ಲಿ ಸಿಗುತ್ತದೆ. ಗಾದೆ ಮಾಡಿದವರಿಗೆ ಹಾಸಿಗೆಯನ್ನೇ ಉದ್ದ ಮಾಡಿಸಬಹುದು ಅಂತ ಯಾಕೆ ಹೊಳೆಯಲಿಲ್ಲವೋ.

ನಮ್ಮ ಅಣ್ಣ ಎರಡು ಲಕ್ಷ ಕೊಟ್ಟು ಬೈಕ್ ತಗೊಳ್ಳುವಾಗ ಮೂರು ತಿಂಗಳು ಮೈಲೇಜ್ ಲೆಕ್ಕ ಹಾಕಿದ. ಅದೇ ಮನುಷ್ಯ ಹಾಸಿಗೆ ಅಂಗಡಿಯಲ್ಲಿ ಅಂಗೈಯಿಂದ ಎರಡು ಸಲ ಒತ್ತಿ, “ಗಟ್ಟಿ ಇದೆ, ಕಟ್ಟಿ” ಅಂದ. ಈಗ ದಿನಾ ಬೆಳಗ್ಗೆ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ.

ಹಾಗಂತ ಇಲ್ಲಿಯವರೂ ಅತಿ ಮಾಡುತ್ತಾರೆ. ಬೆನ್ನಿಗೆ ಚೀಲ ಹಾಕಿ ನಡೆಯುವವರು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ ಗ್ರಾಂ ಉಳಿಸುತ್ತಾರೆ. ಬೈಕಿನವರೂ ಅದನ್ನೇ ನೋಡಿ ತೂಕದ ಹಿಂದೆ ಬೀಳುವುದು ಸುಮ್ನೆ ಮರುಳು. ಬೈಕಿಗೆ ಒಂದು ಕಿಲೋ ಜಾಸ್ತಿ ಆದರೆ ಏನೂ ಆಗಲ್ಲ. ಬೈಕಿನಲ್ಲಿ ಕಮ್ಮಿ ಇರುವುದು ಜಾಗ. ಕತ್ತರಿ ಕಾಲಿನ ಹಳೆಯ ಮಿಲಿಟರಿ ಮಂಚ ಅಗ್ಗ, ಗಟ್ಟಿ, ಆದರೆ ಮಡಚಿದರೂ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ. ಬೈಕಿಗೆ ಅಡ್ಡ ಕಟ್ಟಿದರೆ ಕಾವಡಿ ಹೊತ್ತ ಹಾಗೆ ಕಾಣುತ್ತದೆ. ಹೆಲಿನಾಕ್ಸ್‌ನವರು ಮಾಡುವ ಥರದ ಬಿಲ್ಲುಗಾಲಿನ ಅಲ್ಯೂಮಿನಿಯಂ ಮಂಚ ಅರ್ಧ ಮೀಟರ್ ಆಸುಪಾಸಿಗೆ ಮಡಚುತ್ತದೆ. ತೂಕ ಮಾದರಿ ನೋಡಿಕೊಂಡು ಒಂದೂಕಾಲರಿಂದ ಎರಡೂಕಾಲು ಕಿಲೋ. ಪಕ್ಕದ ಪೆಟ್ಟಿಗೆಯೊಳಗೆ ಅದೂ ಹಿಡಿಯಲಿಲ್ಲ. ಹಿಂದಿನ ಸೀಟಿನ ಮೇಲೆ ಅಡ್ಡಕ್ಕೆ ಕಟ್ಟಿದರೆ ಎರಡು ಪೆಟ್ಟಿಗೆಗಳ ಅಗಲ ದಾಟಲ್ಲ. ನನಗೆ ಅಷ್ಟು ಸಾಕಾಯಿತು.

ಕೊನೆಗೆ ಅದನ್ನೇ ತಗೊಂಡೆ, ಜೊತೆಗೊಂದು 4.5ರ ಗಾಳಿ ಪ್ಯಾಡ್. ಎರಡೂ ಸೇರಿ ನಾನೂರು ಡಾಲರ್ ದಾಟಿತು. ಹೆಂಡತಿಗೆ ಇವತ್ತಿಗೂ ಮುನ್ನೂರು ಅಂತಲೇ ಲೆಕ್ಕ. ಅಂಗಡಿಯಲ್ಲಿ ಹೇಳದ ಎರಡು ಮಾತು ಇಲ್ಲಿ ಹೇಳಿಬಿಡುತ್ತೇನೆ. ಚಳಿಯಲ್ಲಿ ಕೊನೆಯ ಕಾಲನ್ನು ಸಿಕ್ಕಿಸುವಾಗ ಬಟ್ಟೆ ಎಷ್ಟು ಬಿಗಿಯಾಗಿರುತ್ತದೆ ಅಂದರೆ, ಮಂಡಿ ಒತ್ತಿ ನೊಗ ಕಟ್ಟಿದ ಹಾಗೆ ಕಟ್ಟಬೇಕು. ಮತ್ತೆ ಈ ಪ್ಯಾಡ್ ಮಗ್ಗುಲು ಬದಲಿಸಿದಾಗಲೆಲ್ಲ ಚಿಪ್ಸ್ ಪ್ಯಾಕೆಟ್ ಥರ ಪರಪರ ಅನ್ನುತ್ತದೆ. ಆದರೆ ಅದರ ಮೇಲೆ ಏಳು ಗಂಟೆ ನಿದ್ದೆ ಮಾಡಿದೆ. ಎದ್ದಾಗ ಮೈ ನಂದೇ ಅನ್ನಿಸಿತು.

ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವಳಿಗೆ ನಂಬರ್ ಬೇಕಿರಲಿಲ್ಲ.

“ಅಲ್ಲಪ್ಪಾ, ಮನೇಲಿ ಮಂಚ ಐತೆ. ದುಡ್ಡು ಕೊಟ್ಟು ಇನ್ನೊಂದು ಮಂಚ ತಗೊಂಡು ಬಯಲಲ್ಲಿ ಮಲಗಕ್ಕೆ ಹೋಗ್ತೀಯಾ?”

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಮಂಚವನ್ನೂ ಪ್ಯಾಡನ್ನೂ ಹೊತ್ತುಕೊಂಡು ಹೋದೆ. ಅಣ್ಣನ ಬೈಕಿನಲ್ಲಿ ಹಂಪಿ, ಬಾದಾಮಿ ಅಂತ ನಾಲ್ಕು ದಿನ ಸುತ್ತುವ ಯೋಚನೆ. ನಮ್ಮವರಿಗೆ ಸರಿಯಾಗಿ ಮಲಗುವುದು ಹೇಗೆ ಅಂತ ತೋರಿಸುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅಂಗಳದಲ್ಲಿ ಜೋಡಿಸಿದೆ. ಸೋದರಮಾವ ಸುತ್ತ ಒಂದು ಸಲ ನಡೆದು, ಕೂತು, ಎದ್ದು, “ಹೊರಸು ಅಲ್ವೇನೋ ಇದು? ನುಲಿ ಬದ್ಲು ಬಟ್ಟೆ ಹಾಕವ್ರೆ” ಅಂದ. ಬೆಲೆ ಕೇಳಿದ. ನಾನು ಹೇಳಲಿಲ್ಲ.

ಆ ನಾಲ್ಕು ದಿನದಲ್ಲಿ ಮಂಚ ಚೀಲದಿಂದ ಹೊರಗೆ ಬರಲೇ ಇಲ್ಲ. ಮೊದಲ ರಾತ್ರಿ ಹೊಸಪೇಟೆಯಲ್ಲಿ ಅತ್ತಿಗೆಯ ತವರು. ಅವರು ತಮ್ಮ ಮಂಚ ನನಗೆ ಬಿಟ್ಟು ನೆಲದಲ್ಲಿ ಮಲಗಿದರು, ಎಷ್ಟು ಹೇಳಿದರೂ ಕೇಳಲಿಲ್ಲ. ಎರಡನೆಯ ರಾತ್ರಿ ಬಾದಾಮಿ ದಾರಿಯಲ್ಲಿ ಕತ್ತಲಾಯಿತು. ಒಂದು ಗುಡಿಯ ಪಡಸಾಲೆ ಹತ್ತಿರ ಬೈಕ್ ನಿಲ್ಲಿಸಿ, ಇಲ್ಲಿ ಟೆಂಟ್ ಹಾಕಬಹುದಾ ಅಂತ ಪೂಜಾರಿಗಳನ್ನು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. “ಟೆಂಟ್ ಯಾಕ್ರೀ? ಒಳಗ ಬರ್ರಿ, ಊಟ ಮಾಡ್ರಿ ಮೊದಲ” ಅಂದರು. ರೊಟ್ಟಿ, ಹೆಸರುಕಾಳು ಪಲ್ಯ. ಆಮೇಲೆ ಒಂದು ಚಾಪೆ, ಹೊದೆಯಲು ಅವರ ಮನೆಯ ಕೌದಿ, ಕೆಳಗೆ ಹಾಸಲು ಕರಿ ಕಂಬಳಿ.

ಆ ಕಂಬಳಿ ಮುಟ್ಟಿದಾಗ ತಾತ ನೆನಪಾದ. ಅವನು ಕುರಿ ಹಿಂಡಿನ ಜೊತೆ ಹೊಲದಲ್ಲೇ ಮಲಗುತ್ತಿದ್ದ. ಹುಣಸೆ ಬೀಜದ ಗಂಜಿ ಕುಡಿಸಿ ಗಡುಸಾಗಿ ನೇಯ್ದ ಕಂಬಳಿ. ಮಳೆ ಬಂದರೆ ಕೊಪ್ಪೆ, ರಾತ್ರಿಗೆ ಹಾಸಿಗೆ, ದೇವರಿಗೆ ಗದ್ದುಗೆ. ಅವನನ್ನು ಯಾರಾದರೂ ಆರ್ ವ್ಯಾಲ್ಯೂ ಕೇಳಿದ್ದರೆ ಏನು ಹೇಳುತ್ತಿದ್ದನೋ.

ನಿಜ ಹೇಳಬೇಕು, ಆ ಪಡಸಾಲೆಯಲ್ಲಿ ನನಗೆ ಒಳ್ಳೆ ನಿದ್ದೆ ಬರಲಿಲ್ಲ. ಕಲ್ಲಿನ ಮೇಲೆ ಚಾಪೆ, ಸೊಂಟ ಹಿಡಿಯಿತು, ಸೊಳ್ಳೆ ಬೇರೆ. ಪಕ್ಕದಲ್ಲೇ ಚೀಲದಲ್ಲಿ ನಾನೂರು ಡಾಲರಿನ ಹಾಸಿಗೆ ಇತ್ತು. ತೆಗೆಯಬಹುದಿತ್ತು. ತಮ್ಮ ಹೊದಿಕೆ ನನಗೆ ಕೊಟ್ಟು ಬರೀ ಪಂಚೆ ಹೊದ್ದು ಮಲಗಿದ ಮನುಷ್ಯನ ಎದುರಿಗೆ ಅದನ್ನು ಜೋಡಿಸುವುದಕ್ಕೆ ಕೈ ಬರಲಿಲ್ಲ. ಮೋಆಬ್‌ನ ಅಜ್ಜ ನನಗೆ ಇಷ್ಟೊಂದು ಕಲಿಸಿದರಲ್ಲ, ಅವರ ಹತ್ತಿರ ಎರಡು ಪ್ಯಾಡ್ ಇತ್ತಲ್ಲ. ನನ್ನ ನಡುಕ ಅವರಿಗೆ ರಾತ್ರಿಯೇ ಕೇಳಿಸಿದ್ದರೂ ಒಂದನ್ನು ಕೊಡುತ್ತಿದ್ದರಾ? ಕೊಡುತ್ತಿದ್ದರೇನೋ. ನಾನು ಕೇಳಿರಲಿಲ್ಲ. ಅಲ್ಲಿ ಕೇಳಬೇಕು. ಅವರವರ ಹಾಸಿಗೆ ಅವರವರು ಹೊತ್ತು ತರುವ ಊರು ಅದು, ಅದಕ್ಕೇ ಅಷ್ಟು ಅಳೆದು ತೂಗುತ್ತಾರೆ. ನಮ್ಮಲ್ಲಿ ಹಾಸಿಗೆ ಮನೆಯವರ ಜವಾಬ್ದಾರಿ. ಕೊಟ್ಟದ್ದರಲ್ಲಿ ತಪ್ಪು ಹುಡುಕಬಾರದು ಅಂತ ನಾವು ಬಾಯಿ ಮುಚ್ಚಿಕೊಂಡಿದ್ದು ಅಭ್ಯಾಸ ಆಗಿರಬೇಕು.

ಆದರೂ ಇನ್ನೊಂಚೂರು ದಪ್ಪ ಚಾಪೆ ಹಾಕಿದ್ದರೆ ಗಂಟೇನು ಹೋಗುತ್ತಿತ್ತು ಅಂತ ನನ್ನ ಸೊಂಟ ಇವತ್ತಿಗೂ ಕೇಳುತ್ತದೆ.

ವಾಪಸ್ ಬರುವಾಗ ಅವ್ವ ಕೊಟ್ಟ ಚಟ್ನಿಪುಡಿ, ಹುರಿಗಾಳು, ಒಂದು ಚಳ್ಳಕೆರೆ ಕಂಬಳಿ ಸೇರಿ ಸೂಟ್‌ಕೇಸಿನ ತೂಕ ಮೀರಿತು. ಮಂಚ ಅಲ್ಲೇ ಬಿಟ್ಟುಬಂದೆ. ಪ್ಯಾಡ್ ಮಾತ್ರ ತಂದೆ. ಹೋದ ವಾರ ಅವ್ವ ವೀಡಿಯೋ ಕಾಲ್ ಮಾಡಿದ್ದಳು. ಅಂಗಳದ ಬಿಸಿಲಲ್ಲಿ ನನ್ನ ಮಂಚ, ಅದರ ಮೇಲೆ ಅಂಚಿಂದ ಅಂಚಿಗೆ ಸಂಡಿಗೆ.

“ಬಟ್ಟೆ ಚೆನ್ನಾಗೈತೆ ಕಣಪ್ಪಾ, ಅಂಟ್ಕಳಲ್ಲ” ಅಂದಳು. “ಕಾಲು ಇನ್ನೊಂದು ಮೊಳ ಉದ್ದ ಇರೋದು ಸಿಗ್ಲಿಲ್ವಾ? ಕೋಳಿ ಬಂದು ಕುಕ್ತಾವೆ.”