ತರಗೆಲೆ: ಹಸಿ ಕಸವೋ, ಒಣ ಕಸವೋ?

ಚಳಿ ಬಾಗಿಲಿಗೆ ಬರುವ ಮುಂಚಿನ ಈ ವಾರಗಳಲ್ಲಿ ಮರಗಳು ಸದ್ದಿಲ್ಲದೆ ಲೆಕ್ಕ ಚುಕ್ತಾ ಮಾಡುತ್ತವೆ. ಹಗಲು ಕಿರಿದಾಗುತ್ತಿದ್ದಂತೆ ಎಲೆಯ ಹಸಿರು ಕರಗುತ್ತದೆ, ಅದರಲ್ಲಿದ್ದ ಸಾರಜನಕದ ಬಹುಪಾಲು ರೆಂಬೆಗೆ ವಾಪಸಾಗುತ್ತದೆ, ತೊಟ್ಟಿನ ಬುಡದಲ್ಲೊಂದು ತೆಳು ಪದರ ಮೂಡಿ ಎಲೆ ಕಳಚಿಕೊಳ್ಳುತ್ತದೆ. ಇಷ್ಟೆಲ್ಲಕ್ಕೆ ಮರ ಯಾರ ಮಂಜೂರಾತಿಯನ್ನೂ ಕೇಳಿಲ್ಲ. ಬಿದ್ದಿದ್ದನ್ನು ಗುಡಿಸುವುದಕ್ಕೆ ಮಾತ್ರ ಊರಿಗೆ ಸಮಿತಿ ಬೇಕು, ಉಪಸಮಿತಿ ಬೇಕು, ಬ್ಯಾನರ್ ಬೇಕು.

ಮೊದಲ ಸಭೆಯಲ್ಲೇ ತೊಡಕು. ತರಗೆಲೆ ಹಸಿ ಕಸವೋ, ಒಣ ಕಸವೋ? ಬೆಳಗ್ಗೆ ಇಬ್ಬನಿ ಕುಡಿದು ತೊಪ್ಪೆಯಾಗಿರುತ್ತದೆ, ಮಧ್ಯಾಹ್ನಕ್ಕೆ ಹಪ್ಪಳ. ಎರಡು ತಾಸು ಚರ್ಚೆಯಾಗಿ, ಚೀಲದ ಬಣ್ಣ ತೀರ್ಮಾನವಾಗದೆ ಸಭೆ ಮುಂದಕ್ಕೆ ಹೋಗುತ್ತದೆ. ಅದು ಕಸವೇ ಹೌದಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂದಮೇಲೆ ಹಿತ್ತಲ ಎಲೆ ಗೊಬ್ಬರವಾಗುವುದುಂಟೆ?

ಶ್ರಮದಾನದ ದಿನ 40 ಜನಕ್ಕೆ ಎಲೆ ಎಳೆಯುವ ಕುಂಟೆ 3. ಉಳಿದ 37 ಜನ ಮಾರ್ಗದರ್ಶನ ಮಾಡುತ್ತಾರೆ. ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿಯಾಡದಂತೆ ಬಾಯಿ ಬಿಗಿದು ಲಾರಿಗೆ ಏರಿಸುತ್ತಾರೆ. ಪುಡಿ ಮಾಡದ ಒಣ ಎಲೆಯ ಚೀಲದಲ್ಲಿ ಎಲೆಗಿಂತ ಗಾಳಿಯೇ ಜಾಸ್ತಿ. ಲಾರಿ ಹೊತ್ತೊಯ್ಯುವುದು ಊರಿನ ಗಾಳಿಯನ್ನು. ಹುಲ್ಲು ಕತ್ತರಿಸುವ ಯಂತ್ರವನ್ನು ಅದೇ ಎಲೆಯ ಮೇಲೆ ಎರಡು ಸಲ ಓಡಿಸಿದ್ದರೆ ರಾಶಿ ಕಾಲು ಭಾಗಕ್ಕೆ ಇಳಿಯುತ್ತಿತ್ತು, ತೆಳ್ಳಗೆ ಹರಡಿದ ಪುಡಿಯನ್ನು ಹುಲ್ಲೇ ನುಂಗುತ್ತಿತ್ತು. ದಪ್ಪಗೆ ಬಿಟ್ಟರೆ ಮಾತ್ರ ಒದ್ದೆ ಚಾಪೆಯಂತೆ ಕೂತು ಕೆಳಗಿನ ಹುಲ್ಲನ್ನು ಕೊಲ್ಲುತ್ತದೆ.

ಎಲೆಯನ್ನು ಗೊಬ್ಬರಕ್ಕೆ ರಾಶಿ ಹಾಕುವುದೂ ಬ್ರಹ್ಮವಿದ್ಯೆಯಲ್ಲ. ಉದ್ದ, ಅಗಲ, ಎತ್ತರ ಮೂರೂ ಕಡೆ ಕನಿಷ್ಠ 1 ಮೀಟರ್. ಎರಡು ಮೂರು ಬುಟ್ಟಿ ಪುಡಿ ಎಲೆಗೆ ಒಂದು ಬುಟ್ಟಿ ಹಸಿ ಹುಲ್ಲು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕುವಷ್ಟು ತೇವ. ಬಿಸಿ ಏರಿ ಇಳಿದಾಗಲೆಲ್ಲ ಮಗುಚಬೇಕು. ಬರೀ ಎಲೆಯಾದರೆ ಬಿಸಿಯೇ ಏರದು, ಶಿಲೀಂಧ್ರಗಳು ನಿಧಾನಕ್ಕೆ ಕೆಲಸ ಮಾಡಿ ಒಂದೆರಡು ವರ್ಷ ತೆಗೆದುಕೊಳ್ಳುತ್ತವೆ. ಬರೀ ಹುಲ್ಲಾದರೆ ಮೂರೇ ದಿನದಲ್ಲಿ ಲೋಳೆಯಾಗಿ ನಾರುತ್ತದೆ, ಸಮಿತಿಯ ಹಳೇ ಜಗಳದ ಹಾಗೆ.

ಎಲೆ ಊದುವ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಮನೆಯವರು ಆ ಮನೆಯತ್ತ ಊದುತ್ತಾರೆ, ಅವರು ರಸ್ತೆಗೆ ಊದುತ್ತಾರೆ, ಸಂಜೆಯ ಗಾಳಿ ಎಲ್ಲವನ್ನೂ ಅವರವರ ಅಂಗಳಕ್ಕೆ ಪುಕ್ಕಟೆ ತಲುಪಿಸುತ್ತದೆ.

ನಿಜಕ್ಕೂ ಎಲೆ ತೆಗೆಯಲೇಬೇಕಾದ ಜಾಗವೊಂದಿದೆ: ಚರಂಡಿಯ ಕಬ್ಬಿಣದ ಜಾಲರಿ. ಅಗಲವಾದ ಎಲೆ ಹತ್ತಿಪ್ಪತ್ತು ಬಂದು ಒಂದರ ಮೇಲೊಂದು ಅಂಟಿದರೆ ಸಾಕು, ಜಾಲರಿಗೆ ಮುಚ್ಚಳ ಹಾಕಿದಂತೆಯೇ. ಮೇಲೆ ಮೊಣಕಾಲುದ್ದ ನೀರು, ಕೆಳಗೆ ಚರಂಡಿ ಖಾಲಿ. ಮಳೆಗೆ ಮುಂಚೆ ಸಲಿಕೆಯಲ್ಲಿ ಒಂದು ಸಲ ಕೆರೆದರೆ ಐದು ನಿಮಿಷದ ಕೆಲಸ. ಆದರೆ ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ, ಮೇಲಾಗಿ ಫೋಟೊದಲ್ಲಿ ಚೆನ್ನಾಗಿಯೂ ಕಾಣುವುದಿಲ್ಲ.

ಫೋಟೊಗೆ ಸಸಿ ನೆಡುವ ಕಾರ್ಯಕ್ರಮವಿದೆ. ಎಲೆ ಉದುರಿಸಿದ ಮರ ನೆಡಲು ಇದು ಒಳ್ಳೆಯ ಕಾಲವೇ. ಮೇಲೆ ಬೆಳವಣಿಗೆ ನಿಂತಿದ್ದರೂ ಮಣ್ಣು ಬೆಚ್ಚಗಿದ್ದು ಬೇರು ಬಿಡುತ್ತದೆ. ಗುಂಡಿಯ ಆಳ ಬೇರಿನ ಉಂಡೆಯಷ್ಟೇ ಇರಬೇಕು, ಅಗಲ ಅದರ ಎರಡು ಮೂರು ಪಟ್ಟು. ಕಾಂಡದ ಬುಡ ಬೇರಿನತ್ತ ಅಗಲವಾಗುವ ಜಾಗ ಮಣ್ಣಿನ ಮೇಲೆ ಕಾಣಬೇಕು. ಸಮಿತಿ ತೋಡಿಸುವುದು ಬಾವಿ, ಕಿರಿದು ಮತ್ತು ಆಳ. ಸಸಿ ಇಳಿಸಿದ ಮೇಲೆ ಗಣ್ಯರೊಬ್ಬೊಬ್ಬರೂ ಒಂದೊಂದು ಸಲಿಕೆ ಮಣ್ಣು ಹಾಕಿ ಕ್ಯಾಮೆರಾ ನೋಡುತ್ತಾರೆ. 5 ಜನರಿದ್ದರೆ ಸಸಿ ಬದುಕೀತು. 15 ಜನರಾದರೆ ಕುತ್ತಿಗೆಯವರೆಗೆ ಹೂತು, ತೊಗಟೆ ಉಸಿರುಗಟ್ಟಿ ಕೊಳೆಯುತ್ತದೆ. ಗಣ್ಯರ ಸಂಖ್ಯೆಗೂ ಸಸಿಯ ಆಯಸ್ಸಿಗೂ ವಿಲೋಮ ಅನುಪಾತ. ನೀರು? ಸಣ್ಣ ಸಸಿಗೂ ಮೊದಲ ದಿನ ಕನಿಷ್ಠ ಒಂದು ಬಕೆಟ್ ಬೇಕು. ಬಂದಿದ್ದು ಒಂದು ತಂಬಿಗೆ, ಅದರಲ್ಲಿ ಅರ್ಧ ಅಧ್ಯಕ್ಷರ ಕೈ ತೊಳೆಯುವುದಕ್ಕೆ.

ಲಾರಿಯಲ್ಲಿ ಜಾಗ ಸಾಲದೆ ಒಂದಷ್ಟು ಚೀಲಗಳು ಸಭಾಭವನದ ಹಿಂದೆ ಉಳಿದವು. ನಾಳೆ ಒಯ್ಯೋಣ ಎಂದವರು ಮರೆತರು. ಇಲಿಗಳು ತೂತು ಕೊರೆದವು, ತೂತಿನಲ್ಲಿ ಮಳೆ ಇಳಿಯಿತು, ಗಾಳಿಯೂ ಆಡಿತು. ಎರಡು ವರ್ಷ ಕಳೆದು ಬಿಚ್ಚಿದರೆ ಒಳಗೆ ಕಪ್ಪಗೆ, ಉದುರುದುರಾಗಿ, ಕಾಡಿನ ನೆಲದ ವಾಸನೆಯ ಎಲೆಗೊಬ್ಬರ. ತೂಕದ ಹಲವು ಪಟ್ಟು ನೀರು ಹಿಡಿದಿಡುವ ಮಾಲು. ಸಮಿತಿ ಕೈಯಿಂದ ನೆಟ್ಟಗಾದ ಕೆಲಸ ಅದೊಂದೇ.

ಈ ಸಲದ ಸಭೆಯ ಕಾರ್ಯಸೂಚಿ ಬಂದಿದೆ. ವಿಷಯ 4: ಸಭಾಭವನದ ಹಿಂದಿನ ಹಳೇ ಕಸವನ್ನು ತುರ್ತಾಗಿ ವಿಲೇವಾರಿ ಮಾಡುವುದು. ವಿಷಯ 5: ಹೂಪಾತಿಗಳಿಗೆ ಗೊಬ್ಬರ ಖರೀದಿ.