ದೊಡ್ಡಪ್ಪ ಕಂಬಳಿ ಹೊದ್ದು ಮಲಗಿದ ರಾತ್ರಿ

"ಇನ್ನು ಮಾಡೋಕೆ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ."

ದೊಡ್ಡ ಆಸ್ಪತ್ರೆಯೊಂದರಲ್ಲಿ ಈ ಮಾತು ಕೇಳಿಸಿಕೊಂಡು ದೊಡ್ಡಪ್ಪನನ್ನು ಸೋಮವಾರಪೇಟೆ ಕಡೆಯ ತೋಟದ ಮನೆಗೆ ಕರೆತಂದೆವು. ಜುಲೈ ತಿಂಗಳು. ಜೀಪು ಗೇಟಿನ ತನಕ ಬಂತು ಅಷ್ಟೆ. ಅಲ್ಲಿಂದ ಕುರ್ಚಿಯಲ್ಲಿ ಕೂರಿಸಿ ಕೆಸರಲ್ಲಿ ಹೊತ್ತೆವು.

ಕ್ಯಾನ್ಸರ್ ಮೂಳೆಗೆ ಹರಡಿತ್ತು. ಕಂಬಳಿ ತಾಗಿದರೂ ನರಳುತ್ತಿದ್ದರು. ನಮ್ಮ ಮಳೆಗಾಲದ ಚಳಿಯಲ್ಲಿ ಹೊದೆಸದೆ ಬಿಡೋದು ಹೇಗೆ ಹೇಳಿ? ಹೊದೆಸಿದರೆ ಕೂಗು, ತೆಗೆದರೆ ನಡುಕ. ದೊಡ್ಡಮ್ಮ ರಾತ್ರಿಯಿಡೀ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಿರುತ್ತಿದ್ದರು.

ಹನ್ನೊಂದು ದಿನ ಹೀಗೇ ಹೋಯಿತು.

ಆಮೇಲೆ ಪರಿಚಯದ ನರ್ಸ್ ಒಬ್ಬರು ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ, ಗೊತ್ತಿರುವ ಡಾಕ್ಟರನ್ನು ಹುಡುಕಿಕೊಟ್ಟರು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಶುರುವಾಯಿತು. ನೋವು ಬರಲಿ ಅಂತ ಕಾಯೋ ಹಾಗಿಲ್ಲ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ಹೊಟ್ಟೆ ಕಟ್ಟದಂತೆ ಜೊತೆಗೊಂದು ಔಷಧಿ. ಕರೆಂಟಿಲ್ಲದ ರಾತ್ರಿಗಳಲ್ಲಿ ದೊಡ್ಡಮ್ಮ ಮೊಬೈಲ್ ಬೆಳಕಲ್ಲಿ ಕ್ಯಾಲೆಂಡರಿನ ಹಿಂದೆ ಟೈಮ್ ಬರೆದಿಡುತ್ತಿದ್ದರು. ಮೂರನೇ ರಾತ್ರಿ ದೊಡ್ಡಪ್ಪ ತಾವೇ ಕಂಬಳಿಯನ್ನು ಕುತ್ತಿಗೆ ತನಕ ಎಳೆದುಕೊಂಡು ಮಲಗಿದರು.

ಆ ಹನ್ನೊಂದು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

"ಮಾರ್ಫಿನ್ ಕೊಟ್ಟರೆ ಚಟ ಹಿಡಿಯುತ್ತೆ, ಬೇಗ ಹೋಗಿಬಿಡ್ತಾರೆ" ಅಂತ ನೆಂಟರು ಹೆದರಿಸಿದ್ದರು. ತಿಳಿದ ಡಾಕ್ಟರು ನೋವಿಗೆ ತಕ್ಕಷ್ಟು ಅಳೆದು ಕೊಟ್ಟರೆ ಚಟ ಹಿಡಿಯೋದು ತೀರಾ ಅಪರೂಪ, ಸಾವು ಬೇಗ ಬರೋದೂ ಇಲ್ಲ. ದುಬಾರಿ ಔಷಧಿಯೂ ಅಲ್ಲ. 1985ರ ಮಾದಕ ವಸ್ತು ಕಾನೂನಿನ ಬಿಗಿಯಿಂದ ಎಷ್ಟೋ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳೋದನ್ನೇ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿಯಾಗಿ ಲೈಸೆನ್ಸಿನ ಗೋಜಲು ಕಡಿಮೆಯಾಯಿತು. ಆದರೆ ಜನರ ಮನಸ್ಸಿನ ಹೆದರಿಕೆಗೆ ಯಾರು ತಿದ್ದುಪಡಿ ತರಬೇಕು?

ಇನ್ನೊಂದು ಮಾತು. ಪ್ಯಾಲಿಯೇಟಿವ್ ಕೇರ್ ಡಾಕ್ಟರು ಕೈಚೆಲ್ಲಿದ ಮೇಲೆ ಮಾಡೋ ಕೆಲಸ ಅಲ್ಲ. ಕಾಯಿಲೆ ಗೊತ್ತಾದ ದಿನದಿಂದಲೇ, ಚಿಕಿತ್ಸೆಯ ಜೊತೆಗೇ ಶುರು ಮಾಡಬಹುದು. ಕ್ಯಾನ್ಸರಿಗೆ ಮಾತ್ರವೂ ಅಲ್ಲ. ಹೃದಯ, ಕಿಡ್ನಿ, ಶ್ವಾಸಕೋಶ ಸೋತವರಿಗೂ ಬೇಕು. ನೋಡಿಕೊಳ್ಳುವವರಿಗೂ ಬೇಕು.

ನಮ್ಮ ಕೊಡಗಿನ ಗಡಿಯ ಕುಟ್ಟ ದಾಟಿದರೆ ಕೇರಳದ ವಯನಾಡು. ಅದೇ ಗುಡ್ಡ, ಅದೇ ಮಳೆ, ಅದೇ ಕಾಫಿ. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನ ಒಂದು ಕ್ಲಿನಿಕ್ಕಿನಿಂದ ಶುರುವಾದ ಈ ಆರೈಕೆಯ ಕೆಲಸಕ್ಕೆ ಊರವರೇ ಕೈಜೋಡಿಸಿದರು. 2008ರಲ್ಲಿ ಸರ್ಕಾರದ ನೀತಿಯೇ ಬಂತು. ಈಗ ಪಂಚಾಯಿತಿ ಮಟ್ಟದಲ್ಲಿ ನರ್ಸ್ ಮನೆ ಬಾಗಿಲಿಗೆ ಬರುತ್ತಾರೆ. ನಮಗೂ ಅದೇ ಬೇಕು. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ, ನಿಜ. ಆದರೆ ಕೊನೇ ದಿನಗಳಲ್ಲಿ ನಮ್ಮವರು ಕೇಳೋದು ತಮ್ಮ ಮನೆ, ತಮ್ಮ ಅಂಗಳ. ತೋಟದ ಕೂಲಿಯವರು ಇರುವ ಲೈನ್ ಮನೆಗಳ ಗತಿಯನ್ನೂ ಯೋಚಿಸಿ. ಅಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ಕೂಲಿಯೂ ಹೋದ ಹಾಗೆ. ಅವರು ಯಾವ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಕು?

ದೊಡ್ಡಪ್ಪ ಸೆಪ್ಟೆಂಬರ್ ತನಕ ಇದ್ದರು. ಒಂದು ದಿನ ಬಿಸಿಲು ಬಂತು, ಅಂಗಳಕ್ಕೆ ಕರ್ಕೊಂಡು ಹೋಗು ಅಂದರು. ಬೆಲ್ಲದ ಕಾಫಿ ಕೇಳಿದರು. "ಮಳೆಗೆ ಕಾಯಿ ಉದುರಿದ್ದು ಜಾಸ್ತಿನಾ?" ಅಂತ ವಿಚಾರಿಸಿದರು. ಪಕ್ಕದ ಬೆಂಚಿನಲ್ಲಿ ದೊಡ್ಡಮ್ಮ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ನಾನು ಕರೆಯೋಕೆ ಹೋದರೆ ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಎಬ್ಬಿಸಬೇಡ. ಮಲಗಲಿ."